ಮಾಲೀಕನಿಲ್ಲದ ಮಂಡಕ್ಕಿ-ಮಿರ್ಚಿ

ಕೊಟ್ಟೂರೇಶ್ವರನ ತೇರಿಗೆ ದೂರದೂರುಗಳಿಂದ ನಡೆದು ಬಂದವರು ದರ್ಶನ ಮುಗಿಸಿ ಹುಡುಕುವುದು ಮಂಡಕ್ಕಿ-ಮಿರ್ಚಿ ಅಂಗಡಿಯನ್ನು. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲೂ ಇದೇ ನೋಟ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಿ ಬಸ್ಸಿನಿಂದ ಇಳಿದರೆ ಕಾದ ಎಣ್ಣೆಯ ವಾಸನೆಯೇ ನಮ್ಮನ್ನು ಎದುರುಗೊಳ್ಳುತ್ತದೆ. ತೇರಿರಲಿ, ಉರುಸಿರಲಿ, ಸಂತೆಯಿರಲಿ, ಅವಸರದ ಹಸಿವಿಗೆ ಈ ಸೀಮೆ ಕಂಡುಕೊಂಡ ಉತ್ತರ ಇದು.

ಇಂಥದೇ ಹಸಿವಿಗೆ ಅಮೆರಿಕ ಕಂಡುಕೊಂಡ ಉತ್ತರಗಳಲ್ಲೊಂದು ಸಬ್‌ಮರೀನ್ ಸ್ಯಾಂಡ್‌ವಿಚ್. ಇಟಲಿಯಿಂದ ವಲಸೆ ಹೋದ ದುಡಿಯುವ ಜನರ ನಡುವೆ ಬೆಳೆದ ತಿನಿಸು. ಉದ್ದನೆಯ ಬ್ರೆಡ್ಡನ್ನು ಸೀಳಿ ಮಾಂಸ, ತರಕಾರಿ ತುಂಬಿದ್ದು. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿ 1965ರಲ್ಲಿ ಫ್ರೆಡ್ ಡಿಲೂಕಾ ಎಂಬ 17 ವರ್ಷದ ಹುಡುಗ, ಪೀಟರ್ ಬಕ್ ಕೊಟ್ಟ ಸಾವಿರ ಡಾಲರ್ ಸಾಲದಿಂದ ತೆರೆದ ಅಂಗಡಿಯೇ ಮುಂದೆ ಸಬ್‌ವೇ ಆಯಿತು. ನ್ಯೂಜೆರ್ಸಿಯಲ್ಲಿ 1956ರಲ್ಲಿ ಆರಂಭವಾಗಿದ್ದ ಇನ್ನೊಂದು ಅಂಗಡಿಯನ್ನು 1975ರಲ್ಲಿ ಸಾಲ ಮಾಡಿ ಕೊಂಡ ಪೀಟರ್ ಕ್ಯಾಂಕ್ರೋ ವಯಸ್ಸೂ 17. ಅದು ಇಂದಿನ ಜೆರ್ಸಿ ಮೈಕ್ಸ್. ಎರಡೂ ಬಡ ಆರಂಭದ ಕಥೆಗಳೇ. ಆದರೆ ಸಬ್‌ವೇ 2024ರಲ್ಲಿ, ಜೆರ್ಸಿ ಮೈಕ್ಸ್‌ನ ಹೆಚ್ಚಿನ ಪಾಲು 2025ರಲ್ಲಿ ದೊಡ್ಡ ಹೂಡಿಕೆ ಕಂಪನಿಗಳ ಕೈಸೇರಿದವು. ಅಮೆರಿಕದಲ್ಲಿ ಸಬ್‌ವೇ ಹೆಸರಿನಲ್ಲಿ ಅಂಗಡಿ ನಡೆಸುವವನು ಮಾರಾಟದ ನೂರಕ್ಕೆ 8 ಪಾಲನ್ನು ರಾಯಲ್ಟಿಯಾಗಿಯೂ 4.5 ಪಾಲನ್ನು ಜಾಹೀರಾತಿಗಾಗಿಯೂ ಕೊಡುತ್ತಾ ಬಂದಿದ್ದಾನೆ. 2001ರಲ್ಲಿ ಈ ಸರಪಳಿ ಭಾರತಕ್ಕೂ ಬಂತು.

ಕಂಪನಿಗಳು ಹುಟ್ಟುವ ಮೊದಲು ಆ ತಿನಿಸಿಗೆ ಊರಿಗೊಂದು ಹೆಸರಿತ್ತು: ಫಿಲಡೆಲ್ಫಿಯಾದಲ್ಲಿ ಹೋಗಿ, ನ್ಯೂಯಾರ್ಕಿನಲ್ಲಿ ಹೀರೋ. ನಮ್ಮ ಮಂಡಕ್ಕಿಯೂ ಹಾಗೆಯೇ. ಮೈಸೂರು ಕಡೆ ಪುರಿ, ಧಾರವಾಡದ ಕಡೆ ಚುರುಮುರಿ. ನೆನೆಸಿ ಒಗ್ಗರಣೆ ಹಾಕಿದರೆ ಬಳ್ಳಾರಿ ಸೀಮೆಯಲ್ಲಿ ಒಗ್ಗರಣೆ, ಗಡಿಯಾಚೆಯ ರಾಯಲಸೀಮೆಯಲ್ಲಿ ಉಗ್ಗಾಣಿ. ಜನರ ಬಾಯಲ್ಲಿರುವ ತಿನಿಸಿಗೆ ಹೆಸರು ಹಲವು. ಕಂಪನಿಯ ತಿನಿಸಿಗೆ ಒಂದೇ.

ಹಾಗೆಂದು ಮಿರ್ಚಿ ಈ ನೆಲದ್ದೇ ಎಂದು ಬೀಗಬೇಕಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂದದ್ದು. ಅದಕ್ಕೂ ಮೊದಲು ಖಾರಕ್ಕೆ ನಮ್ಮವರು ನಂಬಿದ್ದು ಕಾಳುಮೆಣಸನ್ನು. ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಇಟ್ಟು ಮೆಣಸಿನಕಾಯಿ ಎಂದರು. ಮಿರ್ಚಿ ಎಂಬ ಮಾತಿನ ಮೂಲದಲ್ಲಿರುವ ಮರೀಚವೂ ಕಾಳುಮೆಣಸೇ. ಮಿರ್ಚಿ ಕರಿಯುವ ಎಣ್ಣೆಯ ಶೇಂಗಾ ಕೂಡ ದಕ್ಷಿಣ ಅಮೆರಿಕದ ಬೆಳೆ. ಇಷ್ಟೆಲ್ಲ ಹೊರಗಿನದು ಬಂದು, ಇಲ್ಲಿನ ಕಡಲೆಹಿಟ್ಟನ್ನು ಹೊದ್ದುಕೊಂಡು ನಮ್ಮದಾಯಿತು. ತಂದ ಹಡಗಿನ ಹಿಂದೆ ದಬ್ಬಾಳಿಕೆಯಿತ್ತು, ನಿಜ. ಆದರೆ ಬೀಜ ಒಮ್ಮೆ ನೆಲಕ್ಕೆ ಬಿದ್ದ ಮೇಲೆ ಯಾರೂ ರಾಯಲ್ಟಿ ಕೇಳಲಿಲ್ಲ. ರೈತ ಬಿತ್ತಿದ, ಹೆಂಗಸರು ರುಚಿ ಕಂಡುಹಿಡಿದರು.

ಮಂಡಕ್ಕಿಯ ದಾರಿ ಬೇರೆ. ಅದಕ್ಕೆ ಭತ್ತ ಬೇಕು. ನಮ್ಮ ಐದೂ ತಾಲೂಕುಗಳು ಬಹುಪಾಲು ಮಳೆ ನಂಬಿದ ಜೋಳ, ಶೇಂಗಾಗಳ ನೆಲ. ಭತ್ತ ಬೆಳೆಯುವುದು ತುಂಗಭದ್ರಾ, ಭದ್ರಾ ಕಾಲುವೆಗಳ ಕೆಳಗೆ. ಒಣನೆಲದ ಶೇಂಗಾ ಎಣ್ಣೆ, ನೀರುನೆಲದ ಅಕ್ಕಿ ಒಂದೇ ತಟ್ಟೆಯಲ್ಲಿ ಕೂಡುತ್ತವೆ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಈಗ ಐದೂ ತಾಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾದರೂ ಮಂಡಕ್ಕಿಯ ನಂಟು ಬದಲಾಗಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು ಬಹುಪಾಲು ಮುಸ್ಲಿಂ ಕುಟುಂಬಗಳು. ಉಪ್ಪುನೀರು ಬೆರೆಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಅರಳಿದ್ದನ್ನು ಜರಡಿ ಹಿಡಿಯಬೇಕು. ಬೆಂಕಿಯ ಝಳ, ಹೊಗೆ, ದೂಳು. ತೇರಿನಲ್ಲಿ ನಾವು ಬೊಗಸೆಯಲ್ಲಿ ಎತ್ತುವ ಹಗುರವಾದ ಮಂಡಕ್ಕಿಯ ಹಿಂದೆ ಇಷ್ಟು ಭಾರವಿದೆ.

ಇಲ್ಲಿ ನಮ್ಮ ಹೋಲಿಕೆ ಒಂದು ಕಹಿಯ ಮಾತನ್ನೂ ಹೇಳಬೇಕಾಗುತ್ತದೆ. ಮಾಲೀಕನಿಲ್ಲದ ತಿನಿಸಿನ ಲಾಭ ಯಾರೋ ಒಬ್ಬನ ಪೆಟ್ಟಿಗೆ ಸೇರುವುದಿಲ್ಲ. ವಿಧವೆಯೊಬ್ಬಳು ಬಾಣಲೆ ಇಟ್ಟರೂ ಬದುಕಬಹುದು. ಆದರೆ ಮಾಲೀಕನಿಲ್ಲದ ಕಡೆ ಭಟ್ಟಿಯವನ ಕೆಮ್ಮಿಗೆ ಹೊಣೆಗಾರನೂ ಇರುವುದಿಲ್ಲ. ಕೊಟ್ಟೂರಿನ ಮಿರ್ಚಿಯ ರುಚಿ ಹೊಗಳುವ ನಾವು, ಮಂಡಕ್ಕಿ ಎಲ್ಲಿಂದ ಬಂತು, ಅದನ್ನು ಹುರಿದ ಕೈಗೆ ಎಷ್ಟು ಕೂಲಿ ಸಿಕ್ಕಿತು ಎಂದು ಅಂಗಡಿಯ ಮುಂದೆ ಒಮ್ಮೆಯಾದರೂ ಕೇಳಿದ್ದೇವೆಯೇ?