ಥರ್ಮಲ್ ಕ್ಯಾಮೆರಾ: ಪಿಕ್ಸೆಲ್ ಕೇಳ್ತೀರಿ, ಲೆನ್ಸ್ ಕೇಳಿದ್ರಾ?

ಎಂಜಿನಿಯರಿಂಗ್ ಓದುವಾಗಿನ ಗೆಳೆಯನೊಬ್ಬ ಈಗ ವಿದ್ಯುತ್ ಉಪಕೇಂದ್ರಗಳ ತಪಾಸಣೆ ಮಾಡ್ತಾನೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಸುಮಾರು 20 ಮೀಟರ್ ದೂರದಲ್ಲಿದ್ದ ಒಂದು ಕ್ಲಾಂಪ್ ಕಡೆ ಥರ್ಮಲ್ ಕ್ಯಾಮೆರಾ ಹಿಡಿದ. ಪರದೆ ಮೇಲೆ ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ಲೆನ್ಸ್ ಬಿಚ್ಚಿ ಟೆಲಿಫೋಟೋ ಲೆನ್ಸ್ ಹಾಕಿದ. ಈಗ ಅದೇ ಕ್ಲಾಂಪ್ ಅಕ್ಕಪಕ್ಕದವುಗಳಿಗಿಂತ ಎಷ್ಟೋ ಬಿಸಿ! ಕ್ಯಾಮೆರಾ ಬದಲಾಗಿರಲಿಲ್ಲ, ಲೆನ್ಸ್ ಮಾತ್ರ ಬದಲಾಗಿತ್ತು.

ಹೀಗ್ಯಾಕೆ ಆಗುತ್ತೆ? ಸಣ್ಣ ಲೆಕ್ಕ ನೋಡಿ. 320×240 ಪಿಕ್ಸೆಲ್‌ಗಳ ಕ್ಯಾಮೆರಾಕ್ಕೆ 24 ಡಿಗ್ರಿ ನೋಟದ ಲೆನ್ಸ್ ಇದ್ದರೆ, 20 ಮೀಟರ್ ದೂರದಲ್ಲಿ ಅದು ಸುಮಾರು 8.5 ಮೀಟರ್ ಅಗಲದ ದೃಶ್ಯ ನೋಡುತ್ತದೆ. ಅಂದರೆ ಒಂದು ಪಿಕ್ಸೆಲ್‌ಗೆ 2.7 ಸೆಂಟಿಮೀಟರ್. ಉಷ್ಣತೆಯನ್ನು ನಂಬಿಕೆಯಿಂದ ಅಳೆಯಬೇಕಾದರೆ ಕನಿಷ್ಠ 3×3 ಪಿಕ್ಸೆಲ್ ವಸ್ತುವಿನ ಮೇಲೆ ಬೀಳಬೇಕು ಅನ್ನೋದು ಈ ಕ್ಷೇತ್ರದ ರೂಢಿ. ಹಾಗಾಗಿ ವಸ್ತು 8 ಸೆಂಟಿಮೀಟರ್ ಆದರೂ ಇರಬೇಕು. ಕ್ಲಾಂಪ್ 5 ಸೆಂಟಿಮೀಟರ್ ಇದ್ದರೆ, ಅದರ ಬಿಸಿ ಹಿಂದಿನ ತಣ್ಣನೆಯ ಆಕಾಶದ ಜೊತೆ ಬೆರೆತು ಅಂಕಿ ಇಳಿಯುತ್ತದೆ. 7 ಡಿಗ್ರಿ ಲೆನ್ಸ್ ಹಾಕಿದರೆ ಒಂದು ಪಿಕ್ಸೆಲ್‌ಗೆ 0.8 ಸೆಂಟಿಮೀಟರ್‌ಗಿಂತ ಕಡಿಮೆ. ಅಳತೆ ಕೈಗೆ ಸಿಗುತ್ತದೆ.

ಇದು ಬರೀ ಅಂಕಿಯ ವಿಷಯವಲ್ಲ. ಸಡಿಲವಾದ ಜೋಡಣೆಯಲ್ಲಿ ಪ್ರತಿರೋಧ ಹೆಚ್ಚುತ್ತದೆ, ಬಿಸಿಯೂ ಹೆಚ್ಚುತ್ತದೆ, ಕೊನೆಗೆ ತಂತಿ ಕಡಿದು ಬೀಳಬಹುದು. "ಪರವಾಗಿಲ್ಲ" ಅಂತ ವರದಿ ಬರೆದವರ ಕೆಳಗೇ ಯಾರೋ ಕೆಲಸ ಮಾಡ್ತಿರ್ತಾರೆ.

ಹಾಗಾದರೆ ಎಲ್ಲರೂ ಎರಡು ಮೂರು ಲೆನ್ಸ್ ಇಟ್ಟುಕೊಳ್ಳಬಹುದಲ್ಲ? ಅಡ್ಡಿ ಬರೋದು ಬೆಲೆ. ನಮ್ಮ ಸುತ್ತಲಿನ ವಸ್ತುಗಳು ಸೂಸುವ ಶಾಖವನ್ನು ಈ ಕ್ಯಾಮೆರಾಗಳು ಹೆಚ್ಚಾಗಿ 8ರಿಂದ 14 ಮೈಕ್ರೋಮೀಟರ್ ತರಂಗಾಂತರದಲ್ಲಿ ಹಿಡಿಯುತ್ತವೆ. ಸಾಮಾನ್ಯ ಗಾಜು ಅದನ್ನು ಒಳಗೇ ಬಿಡಲ್ಲ. ಹಾಗಾಗಿ ಜರ್ಮೇನಿಯಂ, ಜಿಂಕ್ ಸೆಲೆನೈಡ್ ಅಥವಾ ಚಾಲ್ಕೊಜಿನೈಡ್ ಗಾಜು ಬೇಕು. ಜರ್ಮೇನಿಯಂ ಉತ್ಪಾದನೆಯಲ್ಲಿ ಮುಂದಿರುವ ಚೀನಾ 2023ರ ಆಗಸ್ಟ್ 1ರಿಂದ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಲೆನ್ಸ್ ಅನ್ನೋದು ಈಗ ರಾಜಕೀಯದ ವಸ್ತುವೂ ಹೌದು.

ಇನ್ನೊಂದು ಎಚ್ಚರ. ಲೆನ್ಸ್ ಸಿಕ್ಕಿಸಿದ ಮಾತ್ರಕ್ಕೆ ಅಳತೆ ಸರಿ ಬರಲ್ಲ. ಪ್ರತಿ ಲೆನ್ಸ್ ಶಾಖವನ್ನು ಒಳಬಿಡುವ ಪ್ರಮಾಣ ಬೇರೆ. ಆ ಲೆನ್ಸ್‌ಗೆ ತಕ್ಕಂತೆ ಕ್ಯಾಮೆರಾವನ್ನು ಕ್ಯಾಲಿಬ್ರೇಟ್ ಮಾಡಿರಬೇಕು, ಯಾವ ಲೆನ್ಸ್ ಹಾಕಿದೆ ಅಂತ ಅದಕ್ಕೆ ಗೊತ್ತಿರಬೇಕು. ಇಲ್ಲದಿದ್ದರೆ ಚಿತ್ರ ಚೆನ್ನಾಗೇ ಕಾಣುತ್ತೆ, ಅಂಕಿ ಮಾತ್ರ ಸುಳ್ಳು. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಗೆ ತಕ್ಕಷ್ಟು ಶಾಖ ಸೂಸುವುದಿಲ್ಲ. ಆ ತೊಂದರೆಗೆ ಯಾವ ಲೆನ್ಸೂ ಮದ್ದಲ್ಲ.

ಕಾರ್ಖಾನೆಗೋ ಅಗ್ನಿಶಾಮಕ ದಳಕ್ಕೋ ಕ್ಯಾಮೆರಾ ಕೊಳ್ಳುವ ಟೆಂಡರ್‌ನಲ್ಲಿ ಪಿಕ್ಸೆಲ್ ಎಷ್ಟು ಅಂತ ಬರೆದರೆ ಸಾಲದು ಅನ್ನೋದು ನನ್ನ ವಾದ. ಮೂರು ಪ್ರಶ್ನೆ ಸೇರಿಸಿ. ಎಷ್ಟು ದೂರದಿಂದ, ಎಷ್ಟು ಚಿಕ್ಕ ವಸ್ತು ನೋಡಬೇಕು? ಅದಕ್ಕೆ ಯಾವ ಲೆನ್ಸ್? ಆ ಲೆನ್ಸ್ ಜೊತೆಗೇ ಕ್ಯಾಲಿಬ್ರೇಟ್ ಮಾಡಿದ ಪ್ರಮಾಣಪತ್ರ ಎಲ್ಲಿ? ಒಂದೇ ಕೋಣೆಯೊಳಗಿನ ಪ್ಯಾನೆಲ್ ಬೋರ್ಡ್ ನೋಡೋರಿಗೆ ಹೆಚ್ಚುವರಿ ಲೆನ್ಸ್ ದಂಡದ ಖರ್ಚು. ಎತ್ತರದ ತಂತಿ ನೋಡೋರಿಗೆ ಅದನ್ನು ಕೈಬಿಡೋದೇ ದುಬಾರಿ.