ಸೇರು, ಷೇರು

ಊರಿನ ಮನೆಯ ಟ್ರಂಕು ಖಾಲಿ ಮಾಡುವಾಗ ಅಜ್ಜಿಯ ಹೆಸರಿನ ಷೇರು ಪತ್ರವೊಂದು ಸಿಕ್ಕಿತು. ಅಂಚನ್ನೆಲ್ಲ ಗೆದ್ದಲು ತಿಂದು, ನಡುವಿನ ನೇರಳೆ ಮೊಹರನ್ನು ಮಾತ್ರ ಬಿಟ್ಟಿತ್ತು. ವ್ಯವಸಾಯ ಸೇವಾ ಸಹಕಾರ ಸಂಘ, ಷೇರು ಒಂದು, ಮುಖಬೆಲೆ 20 ರೂಪಾಯಿ. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲೇ ಷೇರು ಕೊಂಡು ಮಾರುವ ಅಣ್ಣನ ಮಗನ ಕಣ್ಣರಳಿತು. ಐವತ್ತು ವರ್ಷ ಹಳೆಯ ಷೇರು! ಬೋನಸ್ಸು, ಸ್ಪ್ಲಿಟ್ಟು ಎಲ್ಲ ಸೇರಿ ಎಷ್ಟಾಗಿರಬಹುದೆಂದು ಲೆಕ್ಕ ಹಾಕುತ್ತಲೇ ನನ್ನನ್ನೂ ಸೊಸೈಟಿಗೆ ಹೊರಡಿಸಿದ. ಸೆಕ್ರೆಟರಿ ಲೆಡ್ಜರಿನ ಮೇಲೆ ಬೆರಳಾಡಿಸಿ, ‘ಇಪ್ಪತ್ ರೂಪಾಯಿ ಐತಪ್ಪ’ ಅಂದರು.

‘ಅದು ಆಗಿನ ಬೆಲೆ ಸಾರ್, ಈಗಿಂದು ಹೇಳಿ.’

‘ಈಗ್ಲೂ ಇಪ್ಪತ್ತೇ.’

ಹುಡುಗನ ಮುಖ ನೋಡಬೇಕಿತ್ತು. ನನಗೆ ಮಾತ್ರ ಅಜ್ಜಿಯ ಉಚ್ಚಾರಣೆ ನೆನಪಾಯಿತು. ಅವಳ ಬಾಯಲ್ಲಿ ಷಕಾರ ಇರಲಿಲ್ಲ. ‘ಸೊಸೈಟೀಲಿ ನಂದೂ ಒಂದ್ ಸೇರೈತೆ’ ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಅದನ್ನು ರಾಗಿ ಅಳೆಯುವ ಸೇರು ಎಂದೇ ತಿಳಿದಿದ್ದೆ. ಒಂದು ಸೇರು ಕಾಳು ಅಲ್ಲಿಟ್ಟಿದ್ದಾಳೆ, ಬೇಕೆಂದಾಗ ಹೋಗಿ ತರುತ್ತಾಳೆ.

ಇಂಗ್ಲಿಷಿನ ಷೇರು ಹುಟ್ಟಿನಿಂದಲೇ ಕತ್ತರಿಯ ಬಳಗದ್ದು. ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಇಂಗ್ಲಿಷಿನವರು ಬಳಸುವ ಮಾತು ಇದರ ದಾಯಾದಿ. ಕತ್ತರಿಸಿದ ತುಂಡೇ ಷೇರು. ನಮ್ಮ ಪಾಲೂ ಹಾಗೇ. ‘ಆ ಮನೆ ಪಾಲಾಯಿತು’ ಎಂದರೆ ಒಲೆ ಎರಡಾಯಿತು ಎಂದರ್ಥ. (ಹಳಗನ್ನಡದಲ್ಲಿ ಕುಡಿಯುವ ಹಾಲೂ ಪಾಲೇ ಆಗಿತ್ತು. ಅದರ ಪಕಾರ ಹಕಾರವಾಯಿತು, ಆಸ್ತಿಯ ಪಾಲು ಮಾತ್ರ ಜಗ್ಗದೆ ಕೂತಿತು. ಆಸ್ತಿಯ ವಿಷಯ ನೋಡಿ.) ಅಜ್ಜಿಯ ನಾಲಗೆ ಅದೇ ಇಂಗ್ಲಿಷ್ ಪದವನ್ನು ಎತ್ತಿ ‘ಸೇರು’ ಎಂಬ ಕನ್ನಡ ಕ್ರಿಯಾಪದದ ಮೇಲೆ ಕೂರಿಸಿಬಿಟ್ಟಿತ್ತು. ಒಡೆಯುವ ಮಾತು ಕೂಡುವ ಮಾತಾಯಿತು. ಸಹಕಾರದ ಲೆಕ್ಕಶಾಸ್ತ್ರಕ್ಕೆ ಅವಳ ಉಚ್ಚಾರಣೆಯೇ ಹೆಚ್ಚು ಹೊಂದುತ್ತದೆಂಬುದು ನನ್ನ ವಾದ.

ಕಂಪನಿಯಲ್ಲಿ ಷೇರು ಎಂದರೆ ಒಡೆತನದ ತುಂಡು. ತುಂಡು ಹೆಚ್ಚಾದಷ್ಟೂ ಮತ ಹೆಚ್ಚು. ಸೊಸೈಟಿಯಲ್ಲಿ ಷೇರು ಬಾಗಿಲ ಚೀಟಿ. ಒಂದಿರಲಿ, ನೂರಿರಲಿ, ಕೈ ಎತ್ತುವುದು ಒಂದೇ ಸಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ವಾರಕ್ಕಿಷ್ಟು ಪೆನ್ಸಿನಂತೆ ಕೂಡಿಟ್ಟು, ತಲೆಗೊಂದು ಪೌಂಡು ಹಾಕಿ 1844ರ ಡಿಸೆಂಬರಿನಲ್ಲಿ ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸಿನ ಹಿಟ್ಟು ಅಲ್ಲಿನ ಸರಕು. ಅವರ ಜಾಣತನವೆಲ್ಲ ಲಾಭ ಹಂಚಿದ ರೀತಿಯಲ್ಲಿತ್ತು: ಹಾಕಿದ ಬಂಡವಾಳಕ್ಕೆ ಮಿತವಾದ ಬಡ್ಡಿ, ಉಳಿದದ್ದು ಯಾರು ಎಷ್ಟು ಸಾಮಾನು ಕೊಂಡರೋ ಅದರ ಲೆಕ್ಕದಲ್ಲಿ. ನಮ್ಮ ಹಾಲಿನ ಡೈರಿಯಲ್ಲಿ ವರ್ಷಕ್ಕೊಮ್ಮೆ ಬೋನಸ್ ಬಟವಾಡೆಯಾಗುವುದೂ ಇದೇ ನ್ಯಾಯದಲ್ಲಿ. ಯಾರ ಷೇರು ಎಷ್ಟೆಂದು ಅಲ್ಲಿ ಕೇಳುವುದಿಲ್ಲ, ಯಾರ ಕ್ಯಾನಿನಿಂದ ಎಷ್ಟು ಹಾಲು ಬಿತ್ತೆಂದು ಪುಸ್ತಕ ನೋಡುತ್ತಾರೆ.

ಸಹಕಾರದ ಈ ಮಾತು ನಮ್ಮ ಹಳ್ಳಿಗಳಿಗೆ ಬಂದು ನೂರಿಪ್ಪತ್ತು ವರ್ಷ. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಬಡ್ಡಿ ಸಾಹುಕಾರನ ಕಟ್ಟೆಗೆ ಹೋಗುತ್ತಿದ್ದ ರೈತ ಅಲ್ಲಿಂದಾಚೆ ತನ್ನದೇ ಸಂಘದ ಸಾಲಗಾರನಾದ. ಸೊಸೈಟಿ ಚುನಾವಣೆಯಲ್ಲಿ ಈಗಲೂ ‘ಸಾಲಗಾರ ಕ್ಷೇತ್ರ’ ಎಂಬುದೊಂದಿದೆ. ಸಾಲ ಮಾಡಿದವನು ಅದನ್ನೇ ಹೇಳಿಕೊಂಡು ಮತ ಕೇಳುವ ಇನ್ನೊಂದು ಚುನಾವಣೆ ನಾನು ಕಂಡಿಲ್ಲ.

ಷೇರಿನ ಬೆಲೆ ಏರದಿದ್ದರೆ ಗಳಿಸಿದ್ದೆಲ್ಲ ಎಲ್ಲಿ ಹೋಯಿತು? ಅಣ್ಣನ ಮಗ ಕೇಳಿದ್ದೂ ಇದನ್ನೇ. ಒಂದಿಷ್ಟು ಮೀಸಲು ನಿಧಿಗೆ ಹೋಗುತ್ತದೆ, ಅದು ಯಾರೊಬ್ಬರಿಗೂ ಪಾಲಾಗಿ ಬರುವುದಿಲ್ಲ. ದೊಡ್ಡ ಗಳಿಕೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಕಡೆ ಇರುತ್ತದೆ. ಅಡಿಕೆಯ ಬೆಲೆ ನೆಲ ಕಚ್ಚಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಮಂಗಳೂರಿನ ಕ್ಯಾಂಪ್ಕೊ ಹುಟ್ಟಿತು. ಮುಂದೆ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ಕಟ್ಟಿತು. ಆದರೆ ಬೆಳೆಗಾರನಿಗೆ ಸಿಕ್ಕ ದೊಡ್ಡ ಲಾಭ ಪತ್ರಿಕೆಯಲ್ಲಿ ಅಚ್ಚಾಗುವ ‘ಕ್ಯಾಂಪ್ಕೊ ದರ’. ಎದುರಿನ ಖಾಸಗಿ ಮಂಡಿಯವನೂ ಅದನ್ನು ಓದಿಯೇ ಬಾಯಿ ತೆರೆಯಬೇಕು. ಷೇರು ಹಾಕದವನಿಗೂ ಆ ದರದ ನೆರಳು ಸಿಗುತ್ತದೆ.

ತೊಡಕಿರುವುದೂ ಇಲ್ಲೇ. ಷೇರು ಹಾಕದೆಯೂ ನೆರಳು ಸಿಗುವುದಾದರೆ, ಹಾಕಿದರೂ ಬೆಲೆ ಏರದಿದ್ದರೆ, ಇನ್ನೊಂದು ಸಾವಿರ ತಂದು ಯಾರು ಹಾಕುತ್ತಾರೆ? ಸೊಸೈಟಿಯ ಬಂಡವಾಳ ಯಾವಾಗಲೂ ತೆಳು. ಅದಕ್ಕೇ ಸಾಲ ಕೊಡುವಾಗಲೇ ಒಂದಿಷ್ಟನ್ನು ಷೇರಿಗೆಂದು ಹಿಡಿದುಕೊಳ್ಳುವ ಪದ್ಧತಿ ಬಂತು. ‘ಹಾಕಿದ’ ಷೇರು ‘ಹಿಡಿದ’ ಷೇರಾಯಿತು. ಕ್ರಿಯಾಪದ ಬದಲಾದ ಕೂಡಲೇ ರೈತನ ಮುಖಭಾವವೂ ಬದಲಾಯಿತು. ಅದೂ ಸಾಲದೆ ಸರ್ಕಾರವೇ ಷೇರು ಹಾಕಿತು. ಸರ್ಕಾರ ಸೇರಿದರೆ ಮೂಲೆಯಲ್ಲಿ ಕೂರುವ ಸದಸ್ಯನಂತೆ ಇರುತ್ತದೆಯೇ? ನಾಮನಿರ್ದೇಶನ ಬಂತು, ಆಡಳಿತಾಧಿಕಾರಿ ಬಂದರು. ಇದು ಬೇಡವೆಂದೇ 1997ರಲ್ಲಿ ನಮ್ಮಲ್ಲಿ ಸೌಹಾರ್ದ ಸಹಕಾರಿ ಕಾಯ್ದೆಯಾಯಿತು. ಸೌಹಾರ್ದದ ಬೋರ್ಡುಗಳು ಪೇಟೆ ಬೀದಿಗಳಲ್ಲಿ ತುಂಬಿದವು. ಅವುಗಳಲ್ಲಿ ಎಷ್ಟರಲ್ಲಿ ನೆರೆಹೊರೆಯವರು ಸೇರಿದ್ದಾರೆ, ಎಷ್ಟರಲ್ಲಿ ಒಂದೇ ಮನೆಯವರು ಸೇರಿದ್ದಾರೆ ಎಂಬುದು ಬೇರೆ ಮಾತು.

ಇತ್ತೀಚೆಗೆ ಷೇರು ಎಂಬ ಪದಕ್ಕೆ ಇನ್ನೂ ಮರಿಗಳು ಹುಟ್ಟಿವೆ. ಷೇರ್ ಆಟೋದಲ್ಲಿ ಮೂವರ ಜಾಗಕ್ಕೆ ಐವರು. ವಾಟ್ಸ್‌ಆ್ಯಪಿನಲ್ಲಿ ‘ಷೇರ್ ಮಾಡಿ’ ಎಂದರೆ ಕೊಟ್ಟರೂ ನಮ್ಮದು ಮುಗಿಯುವುದಿಲ್ಲ, ಅನೇಕ ಸಲ ಮುಗಿದಿದ್ದರೇ ಚೆನ್ನಾಗಿತ್ತು.

ಸೆಕ್ರೆಟರಿ ಲೆಡ್ಜರು ಮುಚ್ಚಿರಲಿಲ್ಲ. ‘ಅಜ್ಜಿ ತೀರ್ಕೊಂಡಿದ್ರೆ ವಾರಸುದಾರ್ರು ಅರ್ಜಿ ಕೊಡ್ರಪ್ಪ. ಇಪ್ಪತ್ ರೂಪಾಯಿ ವಾಪಸ್ ತಗೊಳ್ತೀರೋ, ಹೆಸ್ರಿಗ್ ಮಾಡಿಸ್ಕೊಳ್ತೀರೋ?’

ಹುಡುಗ ನನ್ನತ್ತ ನೋಡಿದ. ‘ಚಿಕ್ಕಪ್ಪಾ, ಇಷ್ಟಕ್ಕೆ ಡಿಮ್ಯಾಟ್ ಎಲ್ಲಾ ಬೇಡ ಅಲ್ವಾ?’

‘ಮಹಾಸಭೆಗ್ ಬರ್ಬೇಕು ಅಷ್ಟೇ’ ಅಂದರು ಸೆಕ್ರೆಟರಿ. ‘ಸೆಪ್ಟೆಂಬರಲ್ಲಿ. ಕೇಸರಿಬಾತು, ಉಪ್ಪಿಟ್ಟು ಇರ್ತದೆ.’