ವಸತಿಗೃಹದಲ್ಲಿ ಒಡವೆ ಕಳುವಾದರೆ ಹೊಣೆ ಯಾರದು?

ಭೂಸನೂರ (ಆಳಂದ ತಾಲ್ಲೂಕು): ಹುಣ್ಣಿಮೆ, ಅಮಾವಾಸ್ಯೆ ಬಂತೆಂದರೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಭಕ್ತರ ದಂಡು ಹರಿಯುತ್ತದೆ. ಭೂಸನೂರ ಸೀಮೆಯ ಕುಟುಂಬಗಳಲ್ಲದೆ ಮಹಾರಾಷ್ಟ್ರ, ತೆಲಂಗಾಣದವರೂ ಅಲ್ಲಿ ಕೊಠಡಿ ಹಿಡಿದು ತಂಗುತ್ತಾರೆ. ಭೀಮಾ-ಅಮರ್ಜಾ ಸಂಗಮದ ಸ್ನಾನಕ್ಕೆ ಹೊರಡುವಾಗ ಏಳುವ ಪ್ರಶ್ನೆ ಒಂದೇ: ಮೈಮೇಲಿನ ಒಡವೆ, ಕೈಯಲ್ಲಿನ ಹಣ, ಮೊಬೈಲ್ ಎಲ್ಲಿಡಬೇಕು?

ಹೆಚ್ಚಿನವರು ದಿಂಬಿನ ಅಡಿ ಅಥವಾ ಬಟ್ಟೆಗಳ ನಡುವೆ ಇಟ್ಟು ಬೀಗ ಹಾಕಿ ಹೊರಡುತ್ತಾರೆ. ಕಳ್ಳ ಮೊದಲು ಕೈಹಾಕುವುದೂ ಅಲ್ಲಿಗೇ. ಕೊಠಡಿಯ ಬೀಗಕ್ಕೆ ಕೌಂಟರಿನಲ್ಲಿ ಇನ್ನೊಂದು ಕೀಲಿಕೈ ಇದ್ದೇ ಇರುತ್ತದೆ. ಬಾಗಿಲಿಗೆ ಹೊರಚಿಲಕವಿದ್ದರೆ ಮನೆಯಿಂದ ತಂದ ಸ್ವಂತ ಬೀಗ ಹಾಕಲು ಅನುಮತಿ ಕೇಳುವುದು ಅಗ್ಗದ, ಆದರೆ ಪರಿಣಾಮಕಾರಿ ಉಪಾಯ. ದೊಡ್ಡ ಹೋಟೆಲುಗಳ ಕೊಠಡಿಯಲ್ಲಿರುವ ಅಂಕಿ ಒತ್ತುವ ತಿಜೋರಿಯೂ ಪೂರ್ಣ ಸುರಕ್ಷಿತವಲ್ಲ. ಗ್ರಾಹಕ ಅಂಕಿ ಮರೆತರೆ ತೆರೆಯಲೆಂದು ಸಿಬ್ಬಂದಿಯ ಬಳಿ ಬೇರೆ ಸಂಕೇತವೋ ಕೀಲಿಕೈಯೋ ಇರುತ್ತದೆ. ಪಾಸ್‌ಪೋರ್ಟ್, ಅಲ್ಪ ನಗದಿಗೆ ಅದು ಸಾಕು. ಮದುವೆಯ ಒಡವೆಗೆ ಸಾಲದು.

ಕಾನೂನಿನ ದೃಷ್ಟಿಯಲ್ಲಿ ಮುಖ್ಯವಾದುದು ವಸ್ತುವನ್ನು ಹೋಟೆಲಿನ ವಶಕ್ಕೆ ಒಪ್ಪಿಸಲಾಗಿತ್ತೇ ಎಂಬುದು. 1872ರ ಭಾರತೀಯ ಕರಾರು ಅಧಿನಿಯಮದ 151ನೇ ಕಲಮಿನ ಪ್ರಕಾರ, ಪರರ ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕಿಯೊಬ್ಬ ತನ್ನ ಸ್ವಂತ ವಸ್ತುವಿಗೆ ತೋರುವಷ್ಟು ಎಚ್ಚರವನ್ನು ತೋರಲೇಬೇಕು.

1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ಕಾರು ನಿಲ್ಲಿಸಲು ಸಿಬ್ಬಂದಿಗೆ ಕೀಲಿಕೈ ಕೊಟ್ಟಿದ್ದರು. ಹೊರಬರುವಷ್ಟರಲ್ಲಿ ಕಾರನ್ನು ಬೇರೊಬ್ಬ ಒಯ್ದಿದ್ದ. ಚೀಟಿಯಲ್ಲಿ ‘ಮಾಲೀಕರ ಹೊಣೆ’ ಎಂದು ಮುದ್ರಿಸಿದ್ದೇವೆ ಎಂಬುದು ಹೋಟೆಲಿನ ವಾದವಾಗಿತ್ತು. ಕನ್ನಡಿಗರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2019ರ ನವೆಂಬರ್ 14ರಂದು ಈ ವಾದವನ್ನು ತಳ್ಳಿಹಾಕಿತು. ವಶಕ್ಕೆ ಪಡೆದ ವಾಹನ ಕಳುವಾದರೆ ತನ್ನ ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸುವ ಭಾರ ಹೋಟೆಲಿನದು. ಚೀಟಿಯ ಷರತ್ತು ನಿರ್ಲಕ್ಷ್ಯಕ್ಕೆ ರಕ್ಷಣೆಯಾಗದು ಎಂದಿತು.

ಪ್ರಕರಣ ಕಾರಿನದಾದರೂ ಕೌಂಟರಿಗೆ ಒಪ್ಪಿಸಿದ ಚೀಲಕ್ಕೂ ಇದೇ ತರ್ಕ ಅನ್ವಯಿಸಬಲ್ಲದು. ‘ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು’ ಎಂಬ ಫಲಕವೇ ಕೊನೆಯ ಮಾತಲ್ಲ. ಆದರೆ ಒಪ್ಪಿಸಿದ್ದಕ್ಕೆ ಪುರಾವೆ ಬೇಕು. ಒಡವೆಯ ವಿವರ, ತೂಕ, ಹಣದ ಮೊತ್ತ, ದಿನಾಂಕ, ಸಹಿ ಇರುವ ರಸೀದಿ ಪಡೆಯಬೇಕು; ವಸ್ತುಗಳ ಚಿತ್ರವನ್ನೂ ತೆಗೆದಿಡಬೇಕು. ರಸೀದಿ ಕೇಳಲು ಸಂಕೋಚಪಡುವವರೇ ಹೆಚ್ಚು. ಬರಿ ಮಾತಿನ ಮೇಲೆ ಒಪ್ಪಿಸಿದ್ದನ್ನು ಮುಂದೆ ಸಾಬೀತುಪಡಿಸುವುದು ಬಲು ಕಷ್ಟ. ಕೊಠಡಿಯಲ್ಲೇ ಬಿಟ್ಟ ವಸ್ತುವಿನ ವಿಷಯದಲ್ಲಂತೂ ಹೋಟೆಲಿನ ನಿರ್ಲಕ್ಷ್ಯವನ್ನು ಗ್ರಾಹಕನೇ ತೋರಿಸಬೇಕಾದೀತು.

ಕಳವು ತಿಳಿದೊಡನೆ ಕೊಠಡಿಯಲ್ಲಿ ಏನನ್ನೂ ಮುಟ್ಟದೆ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿ, 112ಕ್ಕೆ ಕರೆ ಮಾಡಬೇಕು. ಸಿಸಿ ಕ್ಯಾಮೆರಾ ದೃಶ್ಯಗಳು ಅಳಿಸಿಹೋಗದಂತೆ ಕಾಯ್ದಿಡಲು ಅದೇ ಪತ್ರದಲ್ಲಿ ಕೋರುವುದು ಲೇಸು. ಊರಿಗೆ ಮರಳಿದ ಮೇಲೆ ಗೊತ್ತಾದರೂ ಗಾಣಗಾಪುರಕ್ಕೇ ಓಡಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. ವಿದ್ಯುನ್ಮಾನ ಮಾಧ್ಯಮದಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ವಾಸದ ಕಟ್ಟಡದಲ್ಲಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಏಳು ವರ್ಷಗಳವರೆಗೆ ಶಿಕ್ಷೆಯುಂಟು.

ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅವಧಿ ಎರಡು ವರ್ಷ. ಕೊಠಡಿ ಬಾಡಿಗೆಯ ಬಿಲ್ಲನ್ನು ಅಲ್ಲಿಯವರೆಗೆ ಹರಿದೆಸೆಯಬಾರದು.